ಗುಡ್ಡಕ್ಕೆ ಹೋದ ಬಚ್ಚಲ ಕದ

ನಿಮ್ಮ ಮನೆಯಲ್ಲೂ ಅಂಥದ್ದೊಂದು ಕದ ಇದ್ದೇ ಇರುತ್ತದೆ. ಇಲ್ಲ ಅನ್ನಬೇಡಿ, ನಾನು ನಂಬುವುದಿಲ್ಲ. ಬಚ್ಚಲದ್ದೋ ಹಿತ್ತಲದ್ದೋ, ಹಾಕಬೇಕಾದರೆ ಹಿಡಿಕೆ ಹಿಡಿದು ಮೇಲಕ್ಕೆತ್ತಿ, ಎಡಕ್ಕೊತ್ತಿ, ಕೆಳಗೆ ಕಾಲಿನಿಂದ ಒಂದು ಕೊಟ್ಟು, ಆಮೇಲೆ ಚಿಲಕ. ಮನೆಯವರಿಗೆಲ್ಲ ಈ ವಿದ್ಯೆ ಕರಗತ. ಬೀಗರು ಬಂದಾಗ ಮಾತ್ರ ಫಜೀತಿ. ಅವರು ಟವೆಲ್ ಹಿಡಿದು ಒಳಗೆ ಹೋಗುತ್ತಿದ್ದಂತೆ ಯಾರಾದರೊಬ್ಬರು ಹೊರಗೆ ನಿಂತು "ಸ್ವಲ್ಪ ಎತ್ತಿ ಹಾಕ್ರೀ" ಎಂದು ಓಣಿಗೆಲ್ಲ ಕೇಳುವಂತೆ ಕೂಗಬೇಕು. ನಮ್ಮದೂ ಇಂಥದ್ದೇ ಸಂಸಾರ. ನಿಮಗೂ ನಮಗೂ ವ್ಯತ್ಯಾಸವೆಂದರೆ ನಮ್ಮ ಬಚ್ಚಲಕ್ಕೆ ಗಾಲಿಗಳಿವೆ.

ಬೈಲಹೊಂಗಲದ ಕಡೆಯವರಿಗೆ ಭಾರತ ಹುಣ್ಣಿಮೆ ಬಂತೆಂದರೆ ಸವದತ್ತಿಯ ಏಳುಕೊಳ್ಳದ ಎಲ್ಲವ್ವನ ಗುಡ್ಡ. ನನ್ನ ಅಜ್ಜನ ಕಾಲಕ್ಕೆ ಕೊಲ್ಲಾರಿ ಬಂಡಿ, ಕೊರಳಗೆಜ್ಜೆ ಕಟ್ಟಿದ ಎತ್ತು. ಈಗ ಟ್ರ್ಯಾಕ್ಟರ್. ಹಿಂದಿನ ಟ್ರೇಲರಿಗೆ ಬಿದಿರಿನ ಕಮಾನು ಬಗ್ಗಿಸಿ, ತಾಡಪತ್ರಿ ಹೊದಿಸಿ, ಕೆಳಗೆ ಕಣಕಿ ಹಾಸಿ ಮೇಲೆ ಜಮಖಾನೆ ಎಳೆದರೆ ಮನೆ ಸಿದ್ಧ. ರೊಟ್ಟಿ ಗಂಟು, ಶೇಂಗಾ ಹಿಂಡಿ, ಗ್ಯಾಸ್ ಸಿಲಿಂಡರು, ಮುದುಕರು, ಮಕ್ಕಳು ಎಲ್ಲ ಅದರೊಳಗೆ. (ಟ್ರೇಲರಿನಲ್ಲಿ ಜನರನ್ನು ಕೂಡಿಸಬಾರದೆಂದು ಕಾಯ್ದೆ ಇದೆ. ನಮ್ಮಲ್ಲಿ ಅದನ್ನು ಎಲ್ಲರೂ ಒಪ್ಪುತ್ತಾರೆ, ಹತ್ತಿ ಕೂತ ಮೇಲೆ.) ಗುಡ್ಡದ ಕೆಳಗೆ ಜೋಗುಳಬಾವಿಯಲ್ಲಿ ಮಿಂದು, ಸತ್ಯವ್ವನಿಗೆ ಕೈಮುಗಿದು, ಮೇಲೆ ಹತ್ತಿ ಒಲೆ ಹೂಡಿ, ಹೋಳಿಗೆ ಕಡಬು ಮಾಡಿ ಪಡ್ಡಲಗಿ ತುಂಬಿಸಿ, ಉಧೋ ಉಧೋ ಅಂದು ಬರುವುದು ಪದ್ಧತಿ.

ಇದರಲ್ಲಿ ಬಚ್ಚಲ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಹಿಂದಿನ ಜಾತ್ರೆಯಲ್ಲಿ ಪಕ್ಕದ ಟ್ರೇಲರಿನವರು ಟೀವಿ ತಂದಿದ್ದರು. ನಮ್ಮ ಮಕ್ಕಳೆಲ್ಲ ಊಟಕ್ಕೆ ಇಲ್ಲಿ, ನೋಟಕ್ಕೆ ಅಲ್ಲಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ; ನನಗೂ ಒಂದು ಮರ್ಯಾದೆ ಅಂತ ಇದೆಯಲ್ಲ? ಅದೇ ಹೊತ್ತಿಗೆ ಮೊಬೈಲಿನಲ್ಲಿ ಅಮೆರಿಕದ ಯಾವನೋ ಗಾಲಿಮನೆಯ ವಿಡಿಯೊ ಕಂಡಿತು. ಒಳಗೆ ಮಂಚ, ಒಲೆ, ಮೂಲೆಯಲ್ಲಿ ಶವರ್, ಶವರಿಗೆ ಫಳಫಳ ಕದ. ಟೀವಿ ಯಾರ ಮನೆಯಲ್ಲಿಲ್ಲ? ಬಚ್ಚಲ ಇರುವ ಟ್ರೇಲರ್ ನಮ್ಮ ಹೋಬಳಿಯಲ್ಲೇ ಇರಲಿಕ್ಕಿಲ್ಲ ಎಂದು ಲೆಕ್ಕ ಹಾಕಿದೆ.

"ಎರಡ ಸೀರಿ ಅಡ್ಡ ಕಟ್ಟಿದ್ರ ಜಳಕಾ ಆಗತೈತಿ. ಕದಾ ಯಾಕ್ರಿ?" ಎಂದಳು ಮನೆಯವಳು. ಹೆಣ್ಣುಮಕ್ಕಳ ಅನುಕೂಲಕ್ಕೇ ನಾನು ಇಷ್ಟೆಲ್ಲ ಮಾಡುತ್ತಿರುವುದು ಎಂದು ವಿವರಿಸಿದೆ. ಆಕೆ ಹೆಣ್ಣುಮಕ್ಕಳಲ್ಲಿ ಒಬ್ಬಳೆಂಬುದು ಆ ಚರ್ಚೆಯಲ್ಲಿ ಬರಲಿಲ್ಲ.

ವೆಲ್ಡಿಂಗ್ ಅಂಗಡಿಯವನು ಟ್ರೇಲರಿನ ಹಿಂಮೂಲೆಯಲ್ಲಿ ಕಬ್ಬಿಣದ ಆಂಗ್ಲಿನ ಚೌಕಟ್ಟು ನಿಲ್ಲಿಸಿದ. ಸುತ್ತ ತಗಡು, ತಲೆಯ ಮೇಲೆ ನೀರಿನ ಪ್ಲಾಸ್ಟಿಕ್ ಬ್ಯಾರಲ್ಲು, ಅದಕ್ಕೊಂದು ನಳ, ನಳಕ್ಕೆ ಜಾಳಿಗೆ. ಮುಂದೆ ತಿಳಿನೀಲಿ ಪಿವಿಸಿ ಕದ. ಅದನ್ನು ಮಾತ್ರ ನಾನೇ ಕೂಡಿಸಿದೆ. ಎರಡು ಬಿಜಾಗ್ರಿ, ಒಂದು ಚಿಲಕ, ಇದಕ್ಕೇನು ಬಡಿಗ್ಯಾರ ಬೇಕೇ? ಅಂಗಳದಲ್ಲಿ ನಿಲ್ಲಿಸಿ ತೆರೆದೆ, ಹಾಕಿದೆ, ತೆರೆದೆ. ಓಣಿಯವರನ್ನು ಕರೆದು ತೋರಿಸಿದೆ. ಒಬ್ಬ ಹಿರಿಯರು ಬಗ್ಗಿ ನೋಡಿ, "ಚಲೋ ಆಗೈತಿ. ದೇವರನ್ನ ಎಲ್ಲಿ ಇಡತೀರಿ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ನಗಬಾರದಿತ್ತು, ಅದು ಮುಂದೆ ತಿಳಿಯಿತು.

ಊರ ಹೊರಗಿನ ಮೊದಲ ಹಂಪ್ಸಿಗೇ ಕದ ಮಾತಾಡತೊಡಗಿತು. ಮುನವಳ್ಳಿ ಮುಟ್ಟುವ ಹೊತ್ತಿಗೆ ಅದರ ಮಾತಿಗೆ ಒಳಗಿದ್ದವರ ಮಾತು ಕೇಳುತ್ತಿರಲಿಲ್ಲ. ಜೋಗುಳಬಾವಿಯಲ್ಲಿ ಇಳಿದು ನೋಡಿದರೆ, ಮದುವೆಯಲ್ಲಿ ಮರ್ಯಾದೆ ಸಾಲದೆ ಮುನಿಸಿಕೊಂಡ ಬೀಗರ ಹಾಗೆ ಕದ ಒಂದು ಭುಜ ತಗ್ಗಿಸಿ ನಿಂತಿತ್ತು.

ಹೆದರಲಿಲ್ಲ. ಇದು ನನ್ನ ವಿಷಯ. ಕದದ ತೂಕ ಅದರ ನಡುಮಧ್ಯ ಕೂತಿರುತ್ತದೆ, ಬಿಜಾಗ್ರಿ ಇರುವುದು ಅಂಚಿನಲ್ಲಿ. ಹೀಗಾಗಿ ಕದ ಮೇಲಿನ ಬಿಜಾಗ್ರಿಯನ್ನು ಹೊರಗೆ ಎಳೆಯುತ್ತದೆ, ಕೆಳಗಿನದನ್ನು ಚೌಕಟ್ಟಿಗೆ ಒತ್ತುತ್ತದೆ. ಸಡಿಲಾಗುವುದು ಯಾವಾಗಲೂ ಮೇಲಿನದೇ ಮೊದಲು. ಕದ ಅಗಲವಾದಷ್ಟೂ ಎಳೆತ ಹೆಚ್ಚು. ಎರಡು ಬಿಜಾಗ್ರಿಗಳು ದೂರ ದೂರ ಇದ್ದಷ್ಟೂ ಕಡಿಮೆ. ಇದನ್ನೆಲ್ಲ ಟ್ರೇಲರಿನ ಹಿಂದೆ ನಿಂತು ಮನೆಯವಳಿಗೆ ಬಿಡಿಸಿ ಹೇಳಿದೆ. ಆಕೆ ಪೂರ್ತಿ ಕೇಳಿ, "ಇದು ಕದಕ್ಕ ಗೊತ್ತೈತೇನ್ರಿ?" ಎಂದಳು.

ಹೆಂಡತಿಯ ತಮ್ಮ ಉದಿನಕಡ್ಡಿ ಮುರಿದು ಸ್ಕ್ರೂ ತೂತಿಗೆ ತುರುಕಿ ಮತ್ತೆ ಬಿಗಿದ. ಕಟ್ಟಿಗೆಯ ಕದಕ್ಕೆ ಇದು ಒಳ್ಳೆಯ ಉಪಾಯ. ಕಡ್ಡಿ ಸ್ಕ್ರೂವಿಗೆ ಕಚ್ಚಲು ಮೈ ಕೊಡುತ್ತದೆ. ಪಿವಿಸಿ ಕದ ಹೊರಗೆ ಹಲಗೆ, ಒಳಗೆ ಪೊಳ್ಳು. ತುರುಕಿದ ಕಡ್ಡಿಗಳು ಪೊಳ್ಳಿನೊಳಗೆ ಬಿದ್ದು, ಕದ ಅಲುಗಾಡಿದಾಗಲೆಲ್ಲ ಗಿಲಿಗಿಲಿ ಅನ್ನತೊಡಗಿದವು. ಚಿಕ್ಕ ಮಗಳು ಖುಷಿಯಾದಳು. ಲಾಭ ಅಷ್ಟೇ.

ಮರುದಿನ ಬೆಳಿಗ್ಗೆ ಗುಡ್ಡದ ಮೇಲೆ ಅವ್ವ ಮೊದಲು ಜಳಕಕ್ಕೆ ಹೋದಳು. ಹಿರಿಯರಿಂದಲೇ ಉದ್ಘಾಟನೆ ಆಗಲಿ ಎಂಬುದು ನನ್ನ ಆಸೆ. ನೀರು ಸುರಿದ ಸಪ್ಪಳ ಬಂತು, ನಿಂತಿತು. ಆಮೇಲೆ ದಡ್ ದಡ್. ಜೋತ ಕದದ ಕೆಳಮೂಲೆ ಹೊಸ್ತಿಲ ಪಟ್ಟಿಗೆ ಗಚ್ಚಾಗಿ ಸಿಕ್ಕಿಕೊಂಡಿತ್ತು.

"ಎಲ್ಲವ್ವಾ! ನನ್ನವ್ವಾ! ಹೊರಗ ತಗಿಯವ್ವಾ!" ಎಂದು ಒಳಗಿನಿಂದ ಅವ್ವನ ಧ್ವನಿ. ಅವಳ ಧ್ವನಿ ನಮ್ಮ ಹೊಲದ ಆ ಬದುವಿನಿಂದ ಈ ಬದುವಿಗೆ ಮುಟ್ಟುವಂಥದ್ದು. ದಾರಿಯಲ್ಲಿ ಹೊರಟವರು ನಿಂತರು. ಅಲಂಕಾರವಾದ ಟ್ರೇಲರು, ಮೂಲೆಯಲ್ಲಿ ನೀಲಿ ಕದದ ಸಣ್ಣ ಗುಡಿ, ಒಳಗಿನಿಂದ ತಾಯಿಯ ಹೆಸರು. ಯಾರೋ ಒಬ್ಬ ಮುದುಕಿ "ಉಧೋ" ಅಂದಳು. ಹತ್ತು ಜನ "ಉಧೋ ಉಧೋ" ಅಂದರು. ನಾನು ಸ್ಕ್ರೂಡ್ರೈವರ್ ಹುಡುಕಿ ತರುವಷ್ಟರಲ್ಲಿ ಕದಕ್ಕೆ ಭಂಡಾರ ಬಿದ್ದಿತ್ತು, ಹೊಸ್ತಿಲಲ್ಲಿ ಒಡೆದ ಕಾಯಿ, ನಾಲ್ಕಾರು ನಾಣ್ಯ. ನನ್ನನ್ನು ಪೂಜಾರಿ ಎಂದು ತಿಳಿದ ಒಬ್ಬರು ದಾರಿ ಬಿಟ್ಟರು. ಕದ ಎತ್ತಿ ಎಳೆದಾಗ ಅವ್ವ ಒದ್ದೆ ಸೀರೆಯಲ್ಲಿ ಹೊರಬಂದು, ಜನರನ್ನು ನೋಡಿ, ಕಾಯಿ ನೋಡಿ, ನನ್ನನ್ನು ನೋಡಿದಳು. ಜನ ಅವಳ ಕಾಲಿಗೆ ಬಿದ್ದರು. "ಮಗನ ಸಲುವಾಗಿ ಬೇಡಕೊಳ್ರಿ," ಎಂದು ಆಕೆ ಅವರಿಗೆ ಹೇಳಿದ ಮಾತಿನ ಅರ್ಥ ನನಗೊಬ್ಬನಿಗೇ ಆಯಿತು.

ಊರಿಗೆ ಬಂದ ಮೇಲೆ ಪುಸ್ತಕದ ದಾರಿ ಹಿಡಿದೆ. ಜೋತ ಗೇಟಿಗೆ ಕರ್ಣದ ಉದ್ದಕ್ಕೆ ತಂತಿ ಎಳೆದು ಬಿಗಿಯುವುದುಂಟು. ತಂತಿಯಾದರೆ ಬಿಜಾಗ್ರಿಯ ಮೇಲ್ಮೂಲೆಯಿಂದ ಚಿಲಕದ ಕೆಳಮೂಲೆಗೆ. ಕಟ್ಟಿಗೆ ಪಟ್ಟಿಯಾದರೆ ಬಿಜಾಗ್ರಿಯ ಕೆಳಮೂಲೆಯಿಂದ ಚಿಲಕದ ಮೇಲ್ಮೂಲೆಗೆ. ತಂತಿಗೆ ಎಳೆಯಲು ಬರುತ್ತದೆ, ಒತ್ತಲು ಬರುವುದಿಲ್ಲ. ಒಂಬತ್ತನೇ ತರಗತಿಯ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಎಷ್ಟು ಚೆಂದ ಬರೆದಿದ್ದೆನೆಂದರೆ ಅಳಿಸಲು ಮನಸ್ಸಾಗಲಿಲ್ಲ. ಸಂಜೆ ಅದೇ ಚಿತ್ರದ ಪ್ರಕಾರ ಕದಕ್ಕೆ ತಂತಿ ಬಿಗಿದೆ. ಓಣಿಯಲ್ಲಿ ಹೊರಟ ಒಬ್ಬ ವಿದ್ಯಾರ್ಥಿ ಸೈಕಲ್ ನಿಲ್ಲಿಸಿ ನೋಡಿದ. "ಸರ್, ಬೋರ್ಡಿನ ಮ್ಯಾಲಿನ ಚಿತ್ರ ಹೊರಗಿಂದ ನೋಡಿದ್ದು. ನೀವು ತಂತಿ ಒಳಗಿಂದ ಕಟ್ಟೀರಿ."

"ಇದು ಪರೀಕ್ಷೆಗೆ ಬರಂಗಿಲ್ಲ, ನಡಿ," ಎಂದೆ.

ಕೊನೆಗೆ ಬಡಿಗ್ಯಾರರು ಬಂದರು. ಜಗತ್ತಿನ ಎಲ್ಲ ಬಡಿಗ್ಯಾರರೂ, ಗೌಂಡಿಗಳೂ, ನಳದವರೂ ಕೆಲಸಕ್ಕೆ ಕೈ ಹಚ್ಚುವ ಮೊದಲು ಕೇಳುವ ಪ್ರಶ್ನೆಯನ್ನು ಅವರೂ ಕೇಳಿದರು: "ಇದನ್ನ ಯಾರ ಕೂಡಿಸ್ಯಾರ್ರಿ?" ಮನೆಯವಳು ಚಹಾ ಕೊಡುವ ನೆಪದಲ್ಲಿ ಉತ್ತರ ಕೇಳಲು ನಿಂತಳು. "ಮೊದಲಿನವರು," ಎಂದೆ. ಸುಳ್ಳೇನಲ್ಲ, ಮೊದಲಿನವನು ನಾನೇ.

ಬಡಿಗ್ಯಾರರು ಹಿಡಿಕೆ ಹಿಡಿದು ಬೆರಳಷ್ಟು ಎತ್ತಿದರು. ಮೇಲಿನ ಬಿಜಾಗ್ರಿಯ ಸಂದು ಮುಚ್ಚಿತು, ಬಿಟ್ಟರು, ತೆರೆಯಿತು. "ಕದಾ ಬಗ್ಗಿಲ್ರಿ ಸರ. ಬಿಜಾಗ್ರಿ ಬಿಟ್ಟೈತಿ. ತಂತಿ ಯಾಕ?" ಆಮೇಲೆ ಅವರು ಮಾಡಿದ್ದನ್ನು ಇಲ್ಲಿ ಬರೆದುಬಿಡುತ್ತೇನೆ, ನಿಮಗಾದರೂ ಉಪಯೋಗಕ್ಕೆ ಬರಲಿ. ಬಿಜಾಗ್ರಿ ಕಡೆಯ ಅಂಚಿನಲ್ಲಿ ಕದದ ಪೊಳ್ಳಿನೊಳಗೆ ಸಾಗವಾನಿ ಪಟ್ಟಿ ಇಳಿಸಿದರು. ತುಕ್ಕು ಹಿಡಿದ ಬಿಜಾಗ್ರಿ ಕಿತ್ತು ಸ್ಟೀಲಿನವು ಹಾಕಿಸಿದರು, ಮೇಲಿನದರ ಹತ್ತಿರವೇ ಇನ್ನೊಂದು ಹೆಚ್ಚಿಗೆ. ಹಳೆಯ ತೂತಿನ ಗೊಡವೆಗೆ ಹೋಗದೆ ಹೊಸ ತೂತು ಹೊಡೆದು, ಪಟ್ಟಿಗೆ ಮುಟ್ಟುವಂಥ ಉದ್ದ ಸ್ಕ್ರೂ. ಬಿಗಿಯುವಾಗ ಕದದ ಕೆಳಗೆ ಬೆಣೆ ಕೊಟ್ಟು, ಭಾರವನ್ನೆಲ್ಲ ಬೆಣೆಯ ಮೇಲೆ ಕೂಡಿಸಿದರು. ಕದ ಬೆರಳಿನಿಂದ ದೂಡಿದರೆ ಹೋಗಿ ಸದ್ದಿಲ್ಲದೆ ಕೂತಿತು. ರಸಮಟ್ಟ ಇಟ್ಟರೆ ಗುಳ್ಳೆ ನಡುಮಧ್ಯ.

ಆ ಅಮಲಿನಲ್ಲೇ ಮನೆಮಂದಿಯನ್ನು ಕಿತ್ತೂರಿಗೆ ಕರೆದುಕೊಂಡು ಹೋದೆ. ರಾಣಿ ಚೆನ್ನಮ್ಮ ಸೆರೆಯಲ್ಲಿದ್ದದ್ದು ನಮ್ಮ ಬೈಲಹೊಂಗಲದಲ್ಲಿ, 1829ರಲ್ಲಿ ತೀರಿಕೊಂಡದ್ದೂ ಇಲ್ಲೇ, ಸಮಾಧಿಯೂ ಇಲ್ಲೇ ಇದೆ. ಹೀಗಾಗಿ ಕಿತ್ತೂರು ನಮಗೆ ತವರುಮನೆಯ ಲೆಕ್ಕ. ಕೋಟೆಯಲ್ಲಿ ಮಕ್ಕಳಿಗೆ 1824ರ ಅಕ್ಟೋಬರ್ 23ರ ಕಥೆ ಹೇಳಿದೆ. ಧಾರವಾಡದ ಕಲೆಕ್ಟರ್ ಥ್ಯಾಕರೆ ತೋಪು ತಂದು, ಬಾಗಿಲು ತೆರೆಯಿರಿ, ಇಲ್ಲವೇ ಒಡೆಯುತ್ತೇನೆ ಎಂದ. ಬಾಗಿಲು ತಾನಾಗಿ ತೆರೆಯಿತು, ಒಳಗಿನ ದಂಡು ಒಮ್ಮೆಲೇ ಹೊರಗೆ ನುಗ್ಗಿತು, ಥ್ಯಾಕರೆ ಅಲ್ಲೇ ಮಡಿದ. "ಬಾಗಿಲಾ ಸಿಕ್ಕೊಂಡಿದ್ರ ಥ್ಯಾಕರೆ ಬದುಕತಿದ್ದ," ಎಂದ ಹೆಂಡತಿಯ ತಮ್ಮ, ನನ್ನ ಕಡೆ ನೋಡಿ. ಮುಂದೆ ಅರಮನೆಯ ಪಾಳಿನಲ್ಲಿ ಸ್ನಾನದ ಕೋಣೆ, ಗಚ್ಚಿನ ತೊಟ್ಟಿ, ನೀರು ಹರಿಯುವ ದಾರಿ ಇವೆ. ಎರಡು ನೂರು ವರ್ಷ ಕಳೆದರೂ ತೊಟ್ಟಿ ಗಟ್ಟಿಯಾಗಿದೆ. ಮನೆಯವಳು ಸುತ್ತಲೂ ನೋಡಿ, "ಇಲ್ಲಿ ಕದಾನ ಉಳದಿಲ್ಲ. ಎಷ್ಟ ಆರಾಮ ನೋಡ್ರಿ," ಎಂದಳು.

ಚಳಿ ಬಿದ್ದ ಮೇಲೆ ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರನ ಜಾತ್ರೆಗೆ ಹೊರಟೆವು. ರಾಮದುರ್ಗದಲ್ಲಿ ನನ್ನ ತಂಗಿಯ ಮನೆ. ನೇಕಾರರ ಓಣಿ, ದಿನವಿಡೀ ಮಗ್ಗದ ಸಪ್ಪಳ. ತಂಗಿಯ ಮನೆಯಲ್ಲಿ ಬಿಸಿನೀರಿನ ಹಂಡೆ ಉರಿಯುತ್ತಿದ್ದರೂ ನಾನು ಟ್ರೇಲರಿನಲ್ಲೇ ಜಳಕ ಮಾಡುತ್ತೇನೆಂದೆ. ಅಂಗಳದಲ್ಲಿ ಅಳಿಯ, ಅವನ ಅಣ್ಣತಮ್ಮಂದಿರು ನೋಡುತ್ತಿದ್ದರಲ್ಲ. ಕದ ಬೆರಳಿನಿಂದ ದೂಡಿ ತೋರಿಸಿ ಒಳಗೆ ಹೋದೆ. ಸಾಬೂನು ಹಚ್ಚಿದೆ. ಆಗ ಯಾರೋ ಟ್ರ್ಯಾಕ್ಟರನ್ನು ನೆರಳಿಗೆ ಸರಿಸಿದರು. ಒಂದು ಗಾಲಿ ಗಟಾರದ ದಂಡೆ ಹತ್ತಿತು.

ಕದಕ್ಕೆ ಏನೂ ಆಗಲಿಲ್ಲ. ಬಡಿಗ್ಯಾರರ ಕೆಲಸ ಒಂದು ಕೂದಲೆಳೆ ಕದಲಿರಲಿಲ್ಲ. ಬಳುಕಿದ್ದು ಟ್ರೇಲರು. ಅದರ ಮೇಲಿನ ಚೌಕಟ್ಟು ಆಯತವಾಗಿದ್ದದ್ದು ಸಮಾಂತರ ಚತುರ್ಭುಜವಾಯಿತು, ಅದರೊಳಗೆ ನನ್ನ ನೆಟ್ಟಗಿನ ಕದ ನಾಲ್ಕೂ ಕಡೆ ಬಿಗಿಯಾಗಿ ಕೂತಿತು. ಒಳಗೆ ನಾನು. ಬ್ಯಾರಲ್ಲಿನ ನೀರು ಓರೆಯಾಗಿ ನಳಕ್ಕೆ ಬರುವುದು ನಿಂತಿತು. ಮೊದಲು ಮೆಲ್ಲಗೆ ತಟ್ಟಿದೆ. ಆಮೇಲೆ ಜೋರಾಗಿ. ಆಮೇಲೆ, ವಿಜ್ಞಾನದ ಮಾಸ್ತರನಾದರೂ, ವೀರಭದ್ರನ ಹೆಸರು ಹಿಡಿದು ಕೂಗಿದೆ.

ಮಗ್ಗಗಳ ಸಪ್ಪಳ ಒಂದೊಂದಾಗಿ ನಿಂತಿತು. ನೇಕಾರರ ಓಣಿಯಲ್ಲಿ ಹಗಲು ಹೊತ್ತು ಮಗ್ಗ ನಿಲ್ಲುವುದು ಸಾಮಾನ್ಯ ಮಾತಲ್ಲ. ತಗಡಿನ ಸಂದಿನಿಂದ ನೋಡಿದರೆ ಓಣಿಯೆಲ್ಲ ಅಂಗಳದಲ್ಲಿತ್ತು.

"ಮಾಮಾ, ಎತ್ತಿ ಹಾಕ್ರಿ," ಎಂದ ಹೆಂಡತಿಯ ತಮ್ಮ.

ಹೊರಗಿನಿಂದ ಬಿಜಾಗ್ರಿ ಬಿಚ್ಚಬೇಕಾಯಿತು. ಬಡಿಗ್ಯಾರರು ಬಿಗಿದ ಸ್ಕ್ರೂ. ಒಂದೊಂದಕ್ಕೂ ಒಬ್ಬೊಬ್ಬ ಅಳಿಯನ ಬಲ ಬೇಕಾಯಿತು. ಮೈಮೇಲಿನ ಸಾಬೂನು ಒಣಗಿ ಚರ್ಮ ಬಿಗಿಯುತ್ತಿತ್ತು. ಕದ ಬೀಳುವ ಮೊದಲು ಮೇಲಿನ ಸಂದಿನಿಂದ ಮನೆಯವಳ ಕೈ ಕಂಡಿತು. ಕೈಯಲ್ಲಿ ಅಂದೇ ಮಗ್ಗದಿಂದ ಇಳಿದ ಹೊಸ ಸೀರೆ, ಕೆಂಪು ಅಂಚು. ಏನೂ ಅನ್ನಲಿಲ್ಲ. ಅಂದಿದ್ದರೆ ಉತ್ತರ ಕೊಡಬಹುದಿತ್ತು. ಅದನ್ನು ಸುತ್ತಿಕೊಂಡು ಇಳಿದೆ. ಬಣ್ಣ ನನಗೆ ಒಪ್ಪುತ್ತದೆಂದು ತಂಗಿಯ ಅತ್ತೆ ಹೇಳಿದರು. ಅವರು ತಮಾಷೆ ಮಾಡುವವರಲ್ಲ.

ಗೊಡಚಿಯಲ್ಲಿ ಕದವನ್ನು ಮತ್ತೆ ಕೂಡಿಸೋಣ ಎಂದು ಸ್ಕ್ರೂಡ್ರೈವರ್ ತರುವಷ್ಟರಲ್ಲಿ ಹೆಂಗಸರು ಅದನ್ನು ನಾಲ್ಕು ಕಲ್ಲಿನ ಮೇಲೆ ಮಲಗಿಸಿ, ತೊಳೆದು, ಹೋಳಿಗೆ ಲಟ್ಟಿಸಲು ಕೂತಿದ್ದರು. ಅತ್ತ ಮೂವರು, ಇತ್ತ ಮೂವರು. ನಾನು ಸುಮ್ಮನೆ ಅಂಚಿಗೆ ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ನಡುಮಧ್ಯ.

ಪಕ್ಕದ ಟ್ರೇಲರಿನ ಯಜಮಾನರು ಬಂದು ಸುತ್ತುಹಾಕಿ ನೋಡಿದರು. ಹಿಟ್ಟು ಅಂಟುವುದಿಲ್ಲ, ನೀರು ಕುಡಿಯುವುದಿಲ್ಲ, ಎತ್ತಿದರೆ ಹಗುರ. "ಭಾಳ ಚಲೋ ಮಣಿ ಮಾಡಸೀರಿ, ಸರ. ನಮ್ಮ ಮನ್ಯಾಗಿನವರು ಅಳತಿ ಕೇಳ್ಯಾರ."

ಎದೆಯುಬ್ಬಿಸಿ ಅಳತೆ ಬರೆದುಕೊಟ್ಟೆ. ಒಳಗೆ ಸಾಗವಾನಿ ಪಟ್ಟಿ ಮರೆಯಬೇಡಿ ಎಂದೂ ಹೇಳಿದೆ. ಅವರು ಚೀಟಿ ಮಡಿಚಿ ಜೇಬಿಗಿಟ್ಟು, ಹೊರಡುವಾಗ ತಿರುಗಿ ಕೇಳಿದರು: "ಮತ್ತ ಈ ಚಿಲಕಾ ಯಾತಕ್ಕ್ರಿ?"

"ಹೋಳಗಿ ಹಾರಿ ಹೋಗಬಾರದಂತ," ಎಂದಳು ಮನೆಯವಳು, ಲಟ್ಟಣಿಗೆ ನಿಲ್ಲಿಸದೆ.