ಪಾಪು ಇನ್ನೂ ಮುಗ್ಧ

(ಯಲಹಂಕ ನ್ಯೂಟೌನ್, ಹನ್ನೊಂದನೇ ಮಹಡಿ. ಹುಡುಗ ಆರನೇ ಕ್ಲಾಸು. ಮನೆಯವರಿಗೆ ಇನ್ನೂ ‘ಪಾಪು’.)

“ಮಾವ, ಪಾಪುನ ಪುಟ್ಟೇನಹಳ್ಳಿ ಕೆರೆಗೆ ಕರ್ಕೊಂಡು ಹೋಗ್ತೀರಂತೆ?”

“ಹಕ್ಕಿ ತೋರ್ಸೋಣ ಅಂತ ಕಣಮ್ಮ. 2015ರಲ್ಲೇ ಪಕ್ಷಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದಾರೆ.”

“ಹಕ್ಕಿಗೇನೋ ಸಂರಕ್ಷಣೆ. ಮಗುಗೆ? ಕೊಕ್ಕರೆ ಇವನ ಕಣ್ಣೆದುರೇ ಮೀನು ನುಂಗಿಬಿಟ್ರೆ?”

“ಇನ್ನೇನು ಚಿತ್ರಾನ್ನ ತಿನ್ನುತ್ತಾ? ಏರೋ ಇಂಡಿಯಾ ಬಂದಾಗ ಬಾಲ್ಕನಿಯಿಂದ ಯುದ್ಧವಿಮಾನ ತೋರಿಸ್ತೀರಲ್ಲ!”

“ಅದು ಎಜುಕೇಷನಲ್, ಮಾವ. ಸಾವು-ನೋವು ಎಲ್ಲ ನಾವು ಹಂತಹಂತವಾಗಿ ಪರಿಚಯಿಸ್ತಿದೀವಿ. ನಮ್ಮನೆ ಪುಣ್ಯಕೋಟಿ ಕಥೇಲಿ ಹುಲಿ ಸಾಯಲ್ಲ. ಸಸ್ಯಾಹಾರಿ ಆಗತ್ತೆ.”

“ಶುದ್ಧೋದನನೂ ಮಗನ್ನ ಹೀಗೇ ಬೆಳೆಸಿದ್ದ.”

“ಯಾವ ಬ್ಲಾಕು ಅವ್ರು?”

(ಕುಕ್ಕರ್ ಕೂಗಿತು, ಸೊಸೆ ಒಳಗೆ ಓಡಿದಳು. ಸೋಫಾ ಹಿಂದಿನಿಂದ ಪಾಪು ಎದ್ದ.)

“ತಾತ, ಹುಲಿ ಪ್ರಾಣ ಬಿಟ್ಟಿದ್ದು ನಂಗೊತ್ತು. ಸೆಕ್ಯುರಿಟಿ ಅಂಕಲ್ ಪೂರ್ತಿ ಹಾಡಿದ್ರು. ನಮ್ಮ ಟಾಮಿ ಹಾಸನದ ತೋಟಕ್ಕೆ ಹೋಗಿಲ್ಲ ಅಂತ್ಲೂ ಗೊತ್ತು.”

“ಮತ್ತೆ ಅಮ್ಮಂಗೆ ಹೇಳೋದಲ್ವೇನೋ?”

“ಶ್! ಅವಳು ತಡ್ಕೊಳಲ್ಲ. ನಾನೇ ಹಂತಹಂತವಾಗಿ ಹೇಳ್ತೀನಿ.”