ಎರಡು ರೂಪಾಯಿ ಬಡ್ಡಿಯ ಕಾಕಾ

ವಾಡಿಯ ನಮ್ಮ ಕಾಕಾ ಸಿಮೆಂಟು ಕಾರ್ಖಾನೆಯಿಂದ ರಿಟೈರ್ ಆದರು. ಪಿಎಫ್ ರೊಕ್ಕ ಬ್ಯಾಂಕಿಗೆ ಮುಟ್ಟುವ ಮೊದಲೇ ಅದರ ಸುದ್ದಿ ಸೇಡಂ, ಚಿತ್ತಾಪುರದ ಬೀಗರಿಗೆಲ್ಲ ಮುಟ್ಟಿತ್ತು. ಶಹಾಬಾದಿನ ಅಳಿಯ ಪರ್ಸಿ ಖಣಿಗೆ ಕೇಳಿದ, ಚಿಂಚೋಳಿಯ ಷಡ್ಡಕ ತೊಗರಿ ವ್ಯಾಪಾರಕ್ಕೆ. ಇಬ್ಬರದೂ ಒಂದೇ ಮಾತು: ‘ನೂರಕ್ಕ ಎರಡು ರೂಪಾಯಿ ಬಡ್ಡಿ, ನೋಟು ಬರದು ಕೊಡ್ತೀನಿ.’ ಎರಡು ರೂಪಾಯಿ ಎಂದರೆ ತಿಂಗಳಿಗೆ. ವರ್ಷಕ್ಕೆ 24! ಕಾಕಾ ಆಗಲೇ ಬಡ್ಡಿಯ ಮೇಲೆ ಬಡ್ಡಿ ಎಣಿಸುತ್ತಿದ್ದರು.

ಇಂಥ ನೋಟುಗಳ ಒಂದು ಗಂಟೇ ಕಾಕಾನ ಟ್ರಂಕಿನಲ್ಲಿದೆ. ರೆವಿನ್ಯೂ ಸ್ಟಾಂಪಿನ ಮೇಲೆ ಅಡ್ಡ ಸಹಿ, ಪಕ್ಕದಲ್ಲಿ ಹೆಬ್ಬೆಟ್ಟು. ಒಂದರಲ್ಲಿ ಬರೆದದ್ದು: ‘ಈ ಸಲ ತೊಗರಿ ಚಲೋ ಬಂದರ ಅಸಲು ಬಡ್ಡಿ ಕೂಡಿಸಿ ಕೊಡತೀನಿ.’ 1881ರ ಕಾಯ್ದೆ ಪ್ರಕಾರ ಪ್ರಾಮಿಸರಿ ನೋಟಿನಲ್ಲಿ ಶರತ್ತು ಇರಕೂಡದು; ‘ಕೊಡತೀನಿ’ ಅಷ್ಟೇ ಇರಬೇಕು, ‘ಬಂದರ’ ‘ಗಿಂದರ’ ನಡೆಯೋದಿಲ್ಲ. ಇನ್ನೊಂದಕ್ಕೆ ನಾಲ್ಕು ವರ್ಷವಾಗಿದೆ. ನಡುವೆ ಬಡ್ಡಿ ಕಟ್ಟಿಲ್ಲ, ‘ಸಾಲ ಹೌದು’ ಅಂತ ಬರೆದೂ ಕೊಟ್ಟಿಲ್ಲ. ಮೂರು ವರ್ಷ ದಾಟಿದ ಇಂಥ ಕಾಗದವನ್ನು ಹಿಡಿದುಕೊಂಡು ಕೋರ್ಟಿಗೆ ಹೋದರೆ ವಕೀಲರು ಚಹಾ ಕುಡಿಸಿ ಕಳಿಸುತ್ತಾರೆ.

“ಕಾಕಾ, ನಿಮ್ಮ ಬಾಜೂಕೇ ಮಳಖೇಡ ಅದ. ಅಲ್ಲಿ ರಾಜಶ್ರೀ ಸಿಮೆಂಟು ನಡಸೋ ಅಲ್ಟ್ರಾಟೆಕ್‌ನೋರು 2021ರಾಗ ಹಿಂಗೇ ನೋಟು ಬರದು ಕೊಟ್ಟು 40 ಕೋಟಿ ಡಾಲರ್ ಸಾಲಾ ಎತ್ಯಾರ. ಹತ್ತು ವರ್ಷದ ಮುದ್ದತು. ಬಡ್ಡಿ ಎಷ್ಟು ಹೇಳ್ರಿ?”

“ಒಂದೂವರಿ ರೂಪಾಯಿ?”

“ವರ್ಷಕ್ಕ ನೂರಕ್ಕ 2.80.”

ಕಾಕಾ ಸುಸಲಾ ತಿನ್ನೋದು ಬಿಟ್ಟರು. “ಇದು ನಮ್ಮ ಷಡ್ಡಕನ ಒಂದೂವರಿ ತಿಂಗಳ ಬಡ್ಡಿ ಅಲ್ಲೇನೋ ತಮ್ಮಾ! ಯಾವ ಹುಚ್ಚ ಕೊಟ್ಟ?”

ಕೊಟ್ಟವರು ಹೊರದೇಶದ ದೊಡ್ಡ ಸಾಹುಕಾರರು. ನೋಟು ಸಿಂಗಾಪುರದ ಪೇಟೆಯಲ್ಲಿ ನೋಂದಾಗಿದೆ. ಒಂದು ಕಾರಣ, ಡಾಲರಿಗೆ ಆಗ ಬಡ್ಡಿಯೇ ಕಡಿಮೆ. ಇನ್ನೊಂದು, ರೊಕ್ಕ ಮುಳುಗೀತೆಂಬ ಅಂಜಿಕೆ ಕಡಿಮೆ. ಅಂಜಿಕೆ ಹೆಚ್ಚಿದ್ದಲ್ಲಿ ಬಡ್ಡಿಯೂ ಹೆಚ್ಚು. ಷಡ್ಡಕ ಎರಡು ರೂಪಾಯಿ ಕೊಡುತ್ತೇನೆ ಅಂದಾಗ ತನ್ನ ಬಗ್ಗೆ ತಾನೇ ಸಾಕ್ಷಿ ಹೇಳಿದ ಹಾಗೆ. ಕಂಪನಿಯ ನೋಟಿಗೂ ಅಡವು ಗಿಡವು ಏನಿಲ್ಲ, ಆದರೆ ಕಂಪನಿ ಮುಳುಗಿದರೆ ಶೇರುದಾರರಿಗಿಂತ ಮೊದಲು ನೋಟಿನವರದು ಪಾಳಿ. ಬದಲಿಗೆ, ಲಾಭ ಎಷ್ಟೇ ಬರಲಿ, ಕರಾರಿನ ಬಡ್ಡಿಗಿಂತ ಒಂದು ಪೈ ಹೆಚ್ಚು ಸಿಗೋದಿಲ್ಲ. ನಡುವೆ ಅಡಚಣಿ ಬಂದರೆ ಬೇರೆಯವರಿಗೆ ಮಾರಬಹುದು. ಷಡ್ಡಕನ ನೋಟನ್ನು ಚಿಂಚೋಳಿ ಸಂತೆಯಲ್ಲಿ ಕೂಗಿ ನೋಡಿ, ಯಾರು ಹಿಡಿಯುತ್ತಾರೆ!

“ನಮ್ಮಂಥೋರಿಗಿ?” ಅಂದರು ಕಾಕಾ.

ನಮ್ಮಂಥವರಿಗೆ ಸರ್ಕಾರವೇ ಸಾಲಗಾರ. ರಿಸರ್ವ್ ಬ್ಯಾಂಕು 2021ರ ನವೆಂಬರಿನಲ್ಲಿ ರಿಟೇಲ್ ಡೈರೆಕ್ಟ್ ತೆರೆದ ಮೇಲೆ 10,000 ರೂಪಾಯಿಂದಲೇ 91 ದಿನದ ಟ್ರೆಷರಿ ಬಿಲ್ ಕೊಳ್ಳಬಹುದು. ಅದರಲ್ಲಿ ಬಡ್ಡಿ ಅಂತ ಬೇರೆ ಬರೋದಿಲ್ಲ. ನೂರಕ್ಕೆ ಕಡಿಮೆ ಕೊಟ್ಟು ಕೊಂಡು, ಮುದ್ದತು ಮುಗಿದಾಗ ಪೂರಾ ನೂರು ಎಣಿಸಿಕೊಳ್ಳೋದು. ಕಾಕಾನಿಗೆ ಇದು ಸಪ್ಪೆ ಸಾರು. ಅವರ ಜೀವ ಮಳಖೇಡದಲ್ಲೇ ಇತ್ತು.

“ಆ ನೋಟಿನಾಗ ಶರತ್ತೇನೂ ಇಲ್ಲೇನು?”

“ಅದ. ಆದರ ರೊಕ್ಕ ತಿರುಗಿ ಕೊಡೋದಕ್ಕಲ್ಲ, ಬಡ್ಡಿ ಎಷ್ಟು ಅನ್ನೋದಕ್ಕಷ್ಟೇ. 2030ರ ಮಾರ್ಚ್‌ನೊಳಗ ಟನ್ ಸಿಮೆಂಟಿಗಿ ಬಿಡೋ ಇಂಗಾಲದ ಹೊಗಿ 2016-17ಕ್ಕಿಂತ ಶೇ. 22.2 ಕಮ್ಮಿ ಮಾಡಬೇಕು. ಆಗಲಿಲ್ಲಂದ್ರ ಬಡ್ಡಿ ಮುಕ್ಕಾಲು ಏರಿ 3.55.”

“ಏರಿದ್ದು ಯಾರಿಗಿ? ಮಳಖೇಡದೋರಿಗೇನು?”

“ನೋಟು ಹಿಡದೋರಿಗಿ.”

“ಭಲೇ! ಚಿಮಣಿ ನಮ್ಮ ಕಡಿ, ದಂಡದ ರೊಕ್ಕ ಅವರ ಕಡಿ.” ಸ್ವಲ್ಪ ಹೊತ್ತು ಮೀಸೆ ತಿರುವಿದರು. “ಆದರ ಉಪಾಯ ಚಲೋ ಅದ ತಮ್ಮಾ. ಷಡ್ಡಕಗೂ ಹಿಂಗೇ ಬರಸ್ತೀನಿ. ಇಸ್ಪೀಟು ಬಿಡಲಿಲ್ಲಂದ್ರ ಮುಕ್ಕಾಲು ರೂಪಾಯಿ ಜಾಸ್ತಿ.”

ಒಳಗಿಂದ ಕಾಕಿ ಅಂದಳು: “ಅವರದು ಆಮ್ಯಾಲ ಬರಸ್ರಿ. ಮೊದಲ ನೀವು ನನಗ ಒಂದು ಬರದು ಕೊಡ್ರಿ, ಗುಟಕಾ ಬಿಡಲಿಲ್ಲಂದ್ರ ತಿಂಗಳಿಗಿ ಎಷ್ಟು ಅಂತ. ಸ್ಟಾಂಪು ನಾ ತರ್ತೀನಿ.”