ಕಾನ್‌ಸ್ಟಾಂಟಿನೋಪಲ್ ಪತನ, ಎರಡನೇ ಸಲ

ನಮ್ಮ ಮನೆಯಲ್ಲಿ ಸದ್ಯ ತಾತನಿಗೂ ಮೊಮ್ಮಗನಿಗೂ ಮಾತಿಲ್ಲ. ಊಟದ ಹೊತ್ತಿಗೆ ಉಪ್ಪು ಬೇಕಾದರೆ ಅಪ್ಪ "ಉಪ್ಪಿನ ಡಬ್ಬಿ ಈ ಕಡೆಗೆ ಬಂದರೆ ಒಳ್ಳೇದು" ಅಂತ ಗೋಡೆಗೆ ಹೇಳುತ್ತಾರೆ. ಮಗರಾಯ ಇಯರ್‌ಫೋನ್ ತೆಗೆಯದೆಯೇ ಡಬ್ಬಿ ತಳ್ಳುತ್ತಾನೆ. ನಡುವೆ ಕೂತ ನನಗೆ ನಗು ತಡೆಯಲಾಗದೆ ಸಾರು ನೆತ್ತಿಗೇರುತ್ತದೆ. ಇಷ್ಟಕ್ಕೆಲ್ಲ ಕಾರಣ ನೆಟ್ಟಗೆ ಒಂದು ನಿಮಿಷವೂ ಇಲ್ಲದ ವಿಡಿಯೋ. ತೆಗೆದ ಜಾಗ ಇಸ್ತಾಂಬುಲ್‌ನ ಇಸ್ತಿಕ್ಲಾಲ್ ಬೀದಿ, ತೆಗೆದವನು ನನ್ನ ಮಗ. ನಾಯಕನ ಪಾತ್ರದಲ್ಲಿ ಅರಸೀಕೆರೆ ಕಡೆಯ ನಿವೃತ್ತ ಹೆಡ್‌ಮಾಸ್ಟರಾದ ನಮ್ಮಪ್ಪ, ಎದುರಿಗೆ ಒಬ್ಬ ಐಸ್‌ಕ್ರೀಮ್ ಮಾರುವ ಹುಡುಗ.

ಫ್ರಾಂಕ್‌ಫರ್ಟಿನಲ್ಲಿರುವ ನಮಗೆ ಇಸ್ತಾಂಬುಲ್ ಮೂರು ಗಂಟೆಯ ವಿಮಾನ. ಮಕ್ಕಳಿಗೆ ಅಕ್ಟೋಬರ್ ರಜೆ, ಇಲ್ಲಿ ಬಿಡದ ಜಡಿಮಳೆ, ಊರಿಂದ ಬಂದಿದ್ದ ಅಪ್ಪ ಅಮ್ಮನಿಗೆ ನಮ್ಮ ಬಾಲ್ಕನಿಯಿಂದ ಎದುರು ಮನೆ ಬಾಲ್ಕನಿ ನೋಡಿ ನೋಡಿ ಬೇಜಾರು. ಅಮ್ಮನ ಲೆಕ್ಕದಲ್ಲಿ ಜರ್ಮನಿಯಲ್ಲಿ ಮನುಷ್ಯರಿರುವ ಜಾಗ ಒಂದೇ, ನಮ್ಮ ಬೀದಿ ಕೊನೆಯ ಟರ್ಕಿಯವರ ತರಕಾರಿ ಅಂಗಡಿ. ಕೊತ್ತಂಬರಿ ಸೊಪ್ಪು ಕಟ್ಟುಗಟ್ಟಲೆ ಸಿಗುವುದು ಅಲ್ಲೇ, ಬದನೆಕಾಯಿ ಒತ್ತಿ ನೋಡಿದರೆ ದುರುಗುಟ್ಟಿ ನೋಡದವರೂ ಅವರೇ. ಟರ್ಕಿಗೆ ಹೋಗೋಣವಾ ಅಂದದ್ದಕ್ಕೆ "ತರಕಾರಿಯವರ ಊರಿಗಾ? ನಡಿ" ಎಂದುಬಿಟ್ಟಳು.

ಅಪ್ಪನ ವಿಚಾರ ಬೇರೆ. ಸಮಾಜ ಪಾಠ ಮಾಡಿದಷ್ಟು ವರ್ಷವೂ ಅವರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವರ್ಷಕ್ಕೊಂದು ಸಲ ಕರಿಹಲಗೆಯ ಮೇಲೆ ಬೀಳಿಸಿದವರು. 1453ರಲ್ಲಿ ಅಟೋಮನ್ ಟರ್ಕರು ಊರು ಹಿಡಿದರು, ವ್ಯಾಪಾರದ ದಾರಿ ಅವರ ಕೈಗೆ ಹೋಯಿತು, ಯುರೋಪಿನವರು ಸಮುದ್ರದ ದಾರಿ ಹುಡುಕಿ ಹೊರಟರು, 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಪ್ಪ ಮಾತ್ರ ಪುಸ್ತಕದಲ್ಲಿಲ್ಲದ "ಮೇ 29, ಮಂಗಳವಾರ" ಅನ್ನುವುದನ್ನೂ ಸೇರಿಸುತ್ತಿದ್ದರು. ಅಂಥವರು ಆ ಊರನ್ನು ಕಣ್ಣಾರೆ ಕಂಡದ್ದು ಪಿಂಚಣಿ ಶುರುವಾಗಿ ಎಷ್ಟೋ ಕಾಲದ ಮೇಲೆ. ಹಳೇ ಕೋಟೆಗೋಡೆ ಕಂಡಲ್ಲೆಲ್ಲ ನಿಂತರು. ಹೋಟೆಲಿನ ಕಾಂಪೌಂಡನ್ನೂ ಒಂದು ಸಲ ತಟ್ಟಿ ನೋಡಿದರು. ಮೊಮ್ಮಕ್ಕಳನ್ನು ಎದುರಿಗೆ ನಿಲ್ಲಿಸಿಕೊಂಡು "ಕಾನ್‌ಸ್ಟಾಂಟಿನೋಪಲ್ ಪತನದ ಪರಿಣಾಮಗಳೇನು? ನಾಲ್ಕು ಅಂಕ" ಎಂದು ಕೇಳುವುದು, ಅವು "ತಾತಾ, ವೈಫೈ ಪಾಸ್‌ವರ್ಡ್ ಏನು" ಎಂದು ತಿರುಗಿ ಕೇಳುವುದು ಬೆಳಿಗ್ಗೆಯಿಂದ ಸಂಜೆವರೆಗೂ ನಡೆಯಿತು.

ಊಟ ತಿಂಡಿಯ ಅಧಿಕಾರ ಅಮ್ಮನದು. ಅಲ್ಲಿಯ ಬೆಳಗಿನ ತಿಂಡಿ, ಕಹ್ವಾಲ್ತಿ, ಒಂದು ಸಂಭ್ರಮ. ಮೇಜಿನ ತುಂಬ ಅಂಗೈಯಗಲದ ತಟ್ಟೆಗಳು: ಕಪ್ಪು ಆಲಿವ್, ಹಸಿರು ಆಲಿವ್, ಬಗೆಬಗೆಯ ಚೀಸು, ಸೌತೆಕಾಯಿ, ಟೊಮ್ಯಾಟೊ, ಜೇನುತುಪ್ಪ, ಅದಕ್ಕೆ ಜೋಡಿಯಾಗಿ ಕೈಮಾಕ್ ಎನ್ನುವ ಗಟ್ಟಿ ಕೆನೆ, ಅಂಜೂರದ ಜಾಮು, ಬುಟ್ಟಿ ತುಂಬ ಬ್ರೆಡ್ಡು. ಕೈ ತೊಳೆದು ಬಂದು ಕೂತ ಅಮ್ಮ ಕೂತೇ ಇದ್ದಳು.

"ಶುರು ಮಾಡಮ್ಮ."

"ನಂಚಿಕೊಳ್ಳೋಕೆ ಎಲ್ಲಾ ಬಂತು. ತಿಂಡಿ ಬರಲಿ, ಮಾಡೋಣ."

ಇದೇ ತಿಂಡಿ ಎಂದು ಅವಳಿಗೆ ಖಾತ್ರಿಯಾಗುವ ಹೊತ್ತಿಗೆ ಮಕ್ಕಳು ಅರ್ಧ ಮೇಜು ಖಾಲಿ ಮಾಡಿದ್ದವು. ಆಮೇಲೆ ವ್ಯಾನಿಟಿ ಬ್ಯಾಗಿನಿಂದ ಚಟ್ನಿಪುಡಿಯ ಡಬ್ಬಿ ಹೊರಬಂತು. ಬ್ರೆಡ್ಡಿಗೆ ಕೈಮಾಕ್, ಕೈಮಾಕಿನ ಮೇಲೆ ಚಟ್ನಿಪುಡಿ. ಮಾಣಿ ಬಂದು ನೋಡಿದ, ಬೆರಳ ತುದಿಯಲ್ಲಿ ಒಂಚೂರು ನೆಕ್ಕಿದ, ಒಳಗೆ ಹೋಗಿ ಇನ್ನೊಂದು ತಟ್ಟೆ ಕೈಮಾಕ್ ತಂದಿಟ್ಟ. ಅಮ್ಮ ನನ್ನ ಕಡೆ ಒಂದು ನೋಟ ಬೀರಿದಳು. ಅದು ಮೂವತ್ತು ವರ್ಷದಿಂದ ನನಗೆ ಪರಿಚಯವಿರುವ ನೋಟ. ಮಧ್ಯಾಹ್ನ ಕೆಂಪು ಬೇಳೆಯ ಸೂಪಿಗೆ ನಿಂಬೆಹಣ್ಣು ಹಿಂಡಿ "ಒಗ್ಗರಣೆ ಮರೆತಿದ್ದಾರೆ, ಪಾಪ" ಅಂದಳು. ಐರಾನ್ ಬಂದಾಗ, ಉಪ್ಪು ಹಾಕಿದ ಮಜ್ಜಿಗೆಯನ್ನೂ ದುಡ್ಡು ಕೊಟ್ಟು ಕುಡಿಯಬೇಕಾ ಎಂದು ಗೊಣಗುತ್ತಲೇ ಎರಡು ಲೋಟ ಮುಗಿಸಿದಳು. ಚೀ ಕೊಫ್ತೆ ಹೆಸರಿಗೆ ಕೊಫ್ತೆಯಾದರೂ ಅಂಗಡಿಗಳಲ್ಲಿ ಮಾರುವುದರಲ್ಲಿ ಮಾಂಸವಿಲ್ಲ. ನುಚ್ಚುಗೋಧಿಗೆ ಮೆಣಸಿನಕಾಯಿ, ಟೊಮ್ಯಾಟೊ ಹಾಕಿ ನಾದಿ, ಸೊಪ್ಪಿನ ಎಲೆಯಲ್ಲಿಟ್ಟು, ದಾಳಿಂಬೆಯ ಹುಳಿ ಸುರಿದು ಕೊಡುತ್ತಾರೆ. ಅದನ್ನು ತಿಂದು "ಖಾರ ಪರವಾಗಿಲ್ಲ" ಎಂದಳು. ನಮ್ಮ ಅಮ್ಮನ ಬಾಯಲ್ಲಿ ಪರವಾಗಿಲ್ಲ ಬಂದರೆ ಅದು ಡಿಸ್ಟಿಂಕ್ಷನ್. ಜರ್ಮನಿಯಲ್ಲಿ ಹುಟ್ಟಿದ ನನ್ನ ಮಗ ಅದೇ ಖಾರಕ್ಕೆ ಕಣ್ಣಲ್ಲಿ ನೀರು ಸುರಿಸಿಕೊಂಡು ಅಜ್ಜಿಯ ಐರಾನಿಗೆ ಕೈ ಹಾಕಿದ.

ಹಮಾಮಿಗೂ ಅವಳನ್ನು ಎಳೆದುಕೊಂಡು ಹೋದೆ. ಚೆಂಬೆರ್ಲಿತಾಶ್ ಹಮಾಮ್ 1584ರದ್ದು, ಕಟ್ಟಿಸಿದವಳು ನೂರ್‌ಬಾನು ಸುಲ್ತಾನ, ಕಟ್ಟಿದವನು ಮಿಮಾರ್ ಸಿನಾನ್. ಗುಮ್ಮಟದ ತೂತುಗಳಿಂದ ಬೆಳಕು ಬೀಳುತ್ತದೆ, ಕೆಳಗೆ ಬೆಚ್ಚಗಿನ ಅಮೃತಶಿಲೆಯ ಜಗಲಿ, ಅದರ ಮೇಲೆ ಹೆಂಗಸರನ್ನು ಮಲಗಿಸಿ ಹೆಂಗಸರೇ ಉಜ್ಜುತ್ತಾರೆ. ಅಮ್ಮನ ವಯಸ್ಸಿನದೇ ಒಬ್ಬ ದಪ್ಪ ಹೆಂಗಸು ಒರಟು ಕೈಚೀಲ ತೊಟ್ಟು ಅಮ್ಮನ ತೋಳು ತಿಕ್ಕಿ, ಸುರುಳಿ ಸುರುಳಿಯಾಗಿ ಎದ್ದ ಮಣ್ಣನ್ನು ಹೆಮ್ಮೆಯಿಂದ ತೋರಿಸಿದಳು. ಅಮ್ಮ ಎದ್ದು ಕೂತಳು. "ನಾನು ದಿನಾ ಸ್ನಾನ ಮಾಡೋಳು ಕಣಮ್ಮ! ಏನಂದ್ಕೊಂಡಿದೀಯ?" ಆಕೆ ಟರ್ಕಿಶ್ ಭಾಷೆಯಲ್ಲಿ ಏನೋ ಹೇಳಿದಳು, ಅಮ್ಮ ಕನ್ನಡದಲ್ಲಿ ಹರಳೆಣ್ಣೆ, ಸೀಗೆಪುಡಿ, ಕಡಲೆಹಿಟ್ಟು ಅಂತ ದೊಡ್ಡ ಪಟ್ಟಿ ಕೊಟ್ಟಳು, ಇಬ್ಬರೂ ತಲೆಯಾಡಿಸಿದರು. ಕೊನೆಗೆ ಆಕೆ ಬೋಗುಣಿಯಲ್ಲಿ ಬಿಸಿನೀರು ಮೊಗೆದು ಅಮ್ಮನ ತಲೆಗೆ ಹೊಯ್ದಾಗ ಮಾತೆಲ್ಲ ನಿಂತಿತು. ಕಣ್ಣು ಮುಚ್ಚಿಕೊಂಡೇ ಅಮ್ಮ ಹೇಳಿದಳು: "ನಿನ್ನ ಬಾಣಂತನ ಆದ್ಮೇಲೆ ಬೇರೆಯವರು ನನಗೆ ನೀರು ಹಾಕಿದ್ದು ಇದೇ ಕಣೇ." ಎಲ್ಲರಿಗೂ ಎರೆದು ಎರೆದೇ ತಲೆ ನರೆತವಳು. ಅವತ್ತು ಅವಳ ಗೊರಕೆಗೆ ಗುಮ್ಮಟವೂ ದನಿಗೂಡಿಸಿತು.

ಎಮಿನೋನುವಿನಿಂದ ಕಾದಿಕೊಯ್‌ಗೆ ಹೋಗುವ ಫೆರ್ರಿ ಎಲ್ಲರಿಗೂ ಇಷ್ಟವಾಯಿತು. ಬಾಸ್ಫರಸ್ ದಾಟಿ ಏಷ್ಯಾ ಸೇರಿದಾಗ ಅಪ್ಪ "ಬಂದ್ವಿ ನಮ್ಮ ಕಡೆಗೆ" ಅಂದರು. ಅಮ್ಮ ಮಾತ್ರ ಪುಟ್ಟ ಗಾಜಿನ ಲೋಟದಲ್ಲಿ ಬಂದ ಚಹಾ ನೋಡುತ್ತ "ಡಿಕಾಕ್ಷನ್ ಕೊಟ್ಟಿದ್ದಾನೆ, ಹಾಲು ಯಾವಾಗ ತರ್ತಾನೋ" ಎಂದು ದಡದವರೆಗೂ ಕಾದಳು.

ಇನ್ನು ಐಸ್‌ಕ್ರೀಮು. ಟರ್ಕಿಯ ಮಾರಾಶ್ ಐಸ್‌ಕ್ರೀಮಿಗೆ ಕಾಡು ಆರ್ಕಿಡ್ ಗಡ್ಡೆಯ ಪುಡಿ ಹಾಕುತ್ತಾರೆ, ಸಾಲೆಪ್ ಅಂತ. ಅದರ ಅಂಟಿನಿಂದಾಗಿ ಅದು ಸುಲಭಕ್ಕೆ ಕರಗುವುದಿಲ್ಲ, ಕೋಲಿಗೆ ಕಚ್ಚಿಕೊಂಡರೆ ತಲೆಕೆಳಗೆ ಮಾಡಿದರೂ ಬೀಳುವುದಿಲ್ಲ. ಈ ಗುಣವನ್ನೇ ಮಾರುವವರು ಆಟ ಮಾಡಿಕೊಂಡಿದ್ದಾರೆ. ಜರಿ ಅಂಗಿ, ಕೆಂಪು ಟೋಪಿ, ಕೈಯಲ್ಲಿ ಉದ್ದನೆಯ ಕಬ್ಬಿಣದ ಕೋಲು. ಕೋನು ಕೈಗೆ ಬಂತು ಅನ್ನುವಷ್ಟರಲ್ಲಿ ಕೋಲು ತಿರುಗುತ್ತದೆ, ಕೋನು ಮಾಯ. ಇನ್ನೇನು ಹಿಡಿದೆವು ಅಂದರೆ ಕೈಯಲ್ಲಿ ಖಾಲಿ ಕೋನು. ಮಧ್ಯೆ ಮಧ್ಯೆ ಗಂಟೆ ಬಾರಿಸುತ್ತಾನೆ. ಮಗಳು ಕಿಲಕಿಲ ನಕ್ಕು ತನ್ನ ಪಾಲು ಪಡೆದಳು. ಮುಂದಿನ ಸರದಿ ಅಪ್ಪನದು. ದುಡ್ಡು ಮೊದಲೇ ಕೊಟ್ಟಾಗಿತ್ತು. ಇಡೀ ವ್ಯಾಜ್ಯದಲ್ಲಿ ಅಪ್ಪನ ಮುಖ್ಯ ವಾದ ಇದೇ.

ಅಪ್ಪ ಕೈ ಚಾಚಿದರು. ಕೋನು ಬಂತು, ಹೋಯಿತು. ಮತ್ತೆ ಚಾಚಿದರು. ಬಂತು, ಹೋಯಿತು, ಮೂಗಿನ ತುದಿಗೆ ಒಂದು ಚುಕ್ಕೆ ಐಸ್‌ಕ್ರೀಮು ಉಳಿಯಿತು. ಅಪ್ಪ ಕರವಸ್ತ್ರ ತೆಗೆದು ಮೂಗು ಒರೆಸಿ, ಕರವಸ್ತ್ರ ಮಡಿಸಿ ಜೇಬಿಗಿಟ್ಟು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಪ್ರಾರ್ಥನೆ ಹೊತ್ತಿಗೆ ತಡವಾಗಿ ಬಂದ ಹುಡುಗರ ಮುಂದೆ ನಿಲ್ಲುತ್ತಿದ್ದ ಭಂಗಿ ಅದು. ಆಟಕ್ಕೆ ಕೈಯೇ ಇಲ್ಲದಿದ್ದರೆ ಹುಡುಗ ಏನು ಮಾಡಿಯಾನು? ಗಂಟೆ ಬಾರಿಸಿದ. ಅಪ್ಪ ಅಲ್ಲಾಡಲಿಲ್ಲ. "ಕೊಡೋ ಹಾಗಿದ್ರೆ ಕೊಡು. ಇಲ್ಲಾ ದುಡ್ಡು ವಾಪಸ್ ಕೊಡು" ಅಚ್ಚ ಕನ್ನಡದಲ್ಲಿ. ಜನ ಸೇರಿದರು. ಕೆಂಪು ಟ್ರಾಮು ಪಕ್ಕದಲ್ಲಿ ನಿಧಾನವಾಗಿ ಹಾದುಹೋಯಿತು, ಅದರ ಕಿಟಕಿಯಲ್ಲೂ ಫೋನುಗಳು. ಹುಡುಗ ಕೋಲನ್ನು ಅಪ್ಪನ ಎದೆಯವರೆಗೆ ತಂದ. ಅಪ್ಪ ಗಬಕ್ಕನೆ ಕೋಲನ್ನೇ ಹಿಡಿದರು.

ಕೋಲು ಹಿಡಿಯುವ ವಿದ್ಯೆಯನ್ನು ಅಪ್ಪನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಎಳೆದ, ಇವರು ಎಳೆದರು. "ಬಿಡ್ರೀ, ಅವನ ಹೊಟ್ಟೆಪಾಡು!" ಎಂದು ಅಮ್ಮ. "ಹಿಡ್ಕೋ ತಾತಾ!" ಎಂದು ಮಗಳು. ನಮ್ಮನೆಯವರು ತಮಗೂ ಈ ಸಂಸಾರಕ್ಕೂ ಸಂಬಂಧವಿಲ್ಲ ಎಂದು ಪಕ್ಕದ ಅಂಗಡಿಯ ಬೂಟುಗಳನ್ನು ನೋಡುತ್ತಿದ್ದರು. ಕೊನೆಗೆ ಹುಡುಗ ಕೋಲು ಬಿಟ್ಟು ಸೋತೆ ಎಂದು ಎದೆ ಮುಟ್ಟಿಕೊಂಡ. ಮಾಮೂಲಿಗಿಂತ ಎರಡು ಪಟ್ಟು ದೊಡ್ಡ ಕೋನು ಕಟ್ಟಿ, ಪಿಸ್ತಾ ಉದುರಿಸಿ, ನೇರವಾಗಿ ಅಪ್ಪನ ಎಡಗೈಗೆ ಕೊಟ್ಟು, ಬಲಗೈ ಹಿಡಿದುಕೊಂಡು ಬಗ್ಗಿದ. ಅಲ್ಲಿ ಹಿರಿಯರ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಳ್ಳುವ ಸಂಪ್ರದಾಯವಿದೆ, ನಾವು ಕಾಲಿಗೆ ಬೀಳುವಲ್ಲಿ ಅವರದು ಅದು. ಅಪ್ಪನಿಗೇನು ಗೊತ್ತು? ಈ ಸಲ ಉಂಗುರವೇ ಹೋಯಿತು ಅಂದುಕೊಂಡು ಕೈ ಕಿತ್ತುಕೊಂಡು ಮುಷ್ಟಿ ಬಿಗಿದು ಬೆನ್ನ ಹಿಂದೆ ಬಚ್ಚಿಟ್ಟರು. ವಿಡಿಯೋ ನಿಲ್ಲುವುದು ಅಲ್ಲಿಗೇ.

ಮಗ ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ. ಅದರ ಮೇಲೆ ಕನ್ನಡದಲ್ಲಿ ಬರೆದ: "ಕಾನ್‌ಸ್ಟಾಂಟಿನೋಪಲ್ ಪತನ, ಎರಡನೇ ಸಲ." ನಮ್ಮ ಗುಂಪಿನ ಅರ್ಧ ಜನ ಅಪ್ಪನ ಕೈಕೆಳಗೇ ಓದಿದವರು. "ಪರಿಣಾಮಗಳನ್ನು ಬರೆಯಿರಿ, ನಾಲ್ಕು ಅಂಕ" ಎಂದು ಒಬ್ಬ. "ದೊಡ್ಡಪ್ಪಾ, ಒಂಬತ್ತನೇ ಕ್ಲಾಸಲ್ಲಿ ನಾನೂ ಹೀಗೇ ಕೈ ಚಾಚಿ ನಿಂತಿದ್ದೆ, ನೆನಪಿದೆಯಾ?" ಎಂದು ಇನ್ನೊಬ್ಬ. ಅಪ್ಪ ಮಾತು ಬಿಟ್ಟದ್ದು ಈ ಎರಡನೆಯದನ್ನು ಓದಿದ ಮೇಲೆ.

ಹುಡುಗ ಕೈಗೆ ಮುತ್ತಿಡಲು ಬಂದದ್ದು ಮರ್ಯಾದೆಗೆ ಎಂದು ಹೋಟೆಲಿನವರು ವಿವರಿಸಿದಾಗ ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಾರನೇ ಸಂಜೆ "ಸುಮ್ನೆ ಆ ಕಡೆ ಒಂದು ಸುತ್ತು" ಎಂದು ಹೊರಟರು. ಅಂಗಡಿಯಲ್ಲಿ ಬೇರೆ ಯಾರೋ ಇದ್ದ. ಈಗ ಇಲ್ಲಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಸೌಂಡು ತೆಗೆದು ವಿಡಿಯೋ ನೋಡುತ್ತಾರಂತೆ, ಅಮ್ಮನ ವರದಿ. ಮೊಮ್ಮಗನಿಗೆ ವಿಡಿಯೋ ಕಾಲಿನಲ್ಲಿ ಪ್ರತಿ ಭಾನುವಾರ ಅಕ್ಷರ ತಿದ್ದಿಸಿದವರು ಇವರೇ. ಒತ್ತಕ್ಷರ ಬಂದಾಗೆಲ್ಲ ಅವನು ಕ್ಯಾಮೆರಾ ಆಫ್ ಮಾಡುತ್ತಿದ್ದ. "ಕಾನ್‌ಸ್ಟಾಂಟಿನೋಪಲ್ ಒಂದು ತಪ್ಪಿಲ್ಲದೆ ಬರೆದಿದ್ದಾನೆ ಕಣೇ, ಎಸ್ಸೆಸ್ಸೆಲ್ಸಿ ಹುಡುಗರಿಗೇ ಬರಲ್ಲ" ಎಂದು ಅಮ್ಮನ ಹತ್ತಿರ ಹೇಳಿದರಂತೆ. ಹೇಳಿ, "ಅವನಿಗೆ ಹೇಳ್ಬೇಡ" ಎಂದರಂತೆ.

ಅಪ್ಪ ಅಮ್ಮನನ್ನು ಇಸ್ತಾಂಬುಲ್‌ಗೆ ಕರೆದೊಯ್ಯುವವರಲ್ಲಿ ನನ್ನದೊಂದು ವಿನಂತಿ. ಬೀದಿಯಲ್ಲಿ ನಿಂತು ಐಸ್‌ಕ್ರೀಮು ಕೊಳ್ಳಬೇಡಿ, ಒಳಗೆ ಕೂತು ತಿನ್ನುವ ಅಂಗಡಿಗೆ ಹೋಗಿ. ಮಾರಾಶ್ ಐಸ್‌ಕ್ರೀಮನ್ನು ಅಲ್ಲಿ ತುಂಡು ಮಾಡಿ ತಟ್ಟೆಯಲ್ಲಿಟ್ಟು, ಚಾಕು ಫೋರ್ಕು ಸಮೇತ ಮೇಜಿಗೇ ತಂದುಕೊಡುತ್ತಾರೆ. ನಿವೃತ್ತ ಮೇಷ್ಟರುಗಳಿದ್ದರೆ, ದುಡ್ಡು ತಿಂದ ಮೇಲೆ ಕೊಡಿ.